ನಲವತ್ನಾಲ್ಕು ಬರೆಸದ ಅಕ್ಕೋರು

ಬೆಳಗಿನ ಐದೂವರೆ. ಶಹಾಬಾದದ ಕಲ್ಲಿನ ಕಾರಖಾನೆಗಳು ಇನ್ನೂ ಎದ್ದಿಲ್ಲ. ಕಾಲೇಜಿನ ಪ್ರಯೋಗಶಾಲೆಯಾಗಿರುವ ಹಳೆಯ ಗೋದಾಮೊಂದರಲ್ಲಿ ಕಮರುನ್ನೀಸಾ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಏಳಕ್ಕೆ ಯಂತ್ರಗಳು ಶುರುವಾದರೆ ನೆಲ ನಡುಗುತ್ತದೆ, ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ ಅವರ ಪಾಠ ಕೋಳಿ ಕೂಗುವ ಹೊತ್ತಿಗೆ. ಬಾಗಿಲಲ್ಲಿ ಒಂದು ತಗಡಿನ ಡಬ್ಬಿ. ಒಳಗೆ ಬರುವ ವಿದ್ಯಾರ್ಥಿಗಳು ಚಪ್ಪಲಿ ಹೊರಗೆ ಬಿಟ್ಟು, ಅಳಿಸುವ ರಬ್ಬರನ್ನು ಆ ಡಬ್ಬಿಗೆ ಹಾಕಬೇಕು.

"ಕಣ್ಣಿಗಿ ಕಂಡದ್ದನ್ನ ಅಳಸಾಕ ನಿಮಗ ಹಕ್ಕು ಯಾರು ಕೊಟ್ಟಾರ?" ಎಂದು ಮೊದಲ ದಿನವೇ ಕೇಳುತ್ತಾರಂತೆ.

ಮೂವತ್ನಾಲ್ಕರ ಕಮರುನ್ನೀಸಾ ಜಿಲ್ಲೆಯ ಕಾಲೇಜೊಂದರ ಡೆಮಾನ್‌ಸ್ಟ್ರೇಟರ್, ಎಂದರೆ ಪ್ರಯೋಗ ಮಾಡಿಸುವ ಅಕ್ಕೋರು. ರಸಾಯನ ಮತ್ತು ಭೌತಶಾಸ್ತ್ರ ಕೂಡುವ ವಿಷಯ ಓದುವ ಬಿಎಸ್ಸಿ ಹುಡುಗರಿಗೆ ಸಂಶೋಧನೆ ಮಾಡುವ ಕ್ರಮ ಕಲಿಸುತ್ತಾರೆ. ಹೈದರಾಬಾದಿನಲ್ಲಿ ಅವರು ವಿಜ್ಞಾನ ಓದಿದ್ದು ಉರ್ದುವಿನಲ್ಲಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಪಾಠವೆಲ್ಲ ಇಂಗ್ಲಿಷಿಗೆ ತಿರುಗಿತು. ಉರ್ದುವಿನಲ್ಲಿ ಓದಿದವರಿಗೆ ಲೆಕ್ಚರರ್ ಹುದ್ದೆ ಕೊಡಲಾಗದು ಎಂದರು. ಈಗ 1954. ಆರು ವರ್ಷದಿಂದ ಅವರು ತಾತ್ಕಾಲಿಕ.

"ತಕ್ಕಡಿಗಿ ಉರ್ದೂನೂ ಬರಂಗಿಲ್ಲ, ಇಂಗ್ಲಿಷೂ ಬರಂಗಿಲ್ರಿ. ಅದಕ್ಯಾರು ತಾತ್ಕಾಲಿಕ ಅಂದಾರ?" ಎಂದು ನಗುತ್ತಾರೆ. ನಗುವಿನಲ್ಲಿ ಸಿಟ್ಟೂ ಇದೆ, ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗುವುದಿಲ್ಲ.

ಹನ್ನೊಂದು ಮಂದಿ ವಿದ್ಯಾರ್ಥಿಗಳು, ಒಂದೇ ತಕ್ಕಡಿ, ತಲೆಗೆ ಮೂರರಂತೆ ಬೆಳಗಿಗೆ ಮೂವತ್ಮೂರು ತೂಕ. ಸುಣ್ಣದ ಕಲ್ಲನ್ನು ತೂಗಿ, ಮೂಸೆಯಲ್ಲಿಟ್ಟು ಇದ್ದಿಲ ಕುಲುಮೆಯಲ್ಲಿ ಸುಟ್ಟು, ತಣಿಸಿ ಮತ್ತೆ ತೂಗಬೇಕು. ಶುದ್ಧ ಕಲ್ಲಾದರೆ ನೂರಕ್ಕೆ ನಲವತ್ನಾಲ್ಕು ಪಾಲು ಗಾಳಿಯಾಗಿ ಹೋಗುತ್ತದೆ ಎಂದು ಪುಸ್ತಕ ಹೇಳುತ್ತದೆ. ನಮ್ಮ ಹುಡುಗರು ಜಾಣರು, ಕುಲುಮೆ ಹೊತ್ತಿಸುವ ಮೊದಲೇ ಕೊನೆಯ ಸಾಲಿನಲ್ಲಿ 44 ಬರೆದು ಲೆಕ್ಕವನ್ನು ಹಿಂದಿನಿಂದ ಹೆಣೆಯುತ್ತಾರೆ! ಆದರೆ ಶಹಾಬಾದದ ಕಲ್ಲಿನಲ್ಲಿ ಮಣ್ಣೂ ಮರಳೂ ಬೆರೆತಿವೆ. ಈ ಗೋದಾಮಿನಲ್ಲಿ ಎಷ್ಟು ಸಲ ಸುಟ್ಟರೂ ಮೂವತ್ತೆಂಟರ ಆಚೆ ಹೋಗುವುದಿಲ್ಲ.

"ಪುಸ್ತಕದ ಕಲ್ಲು ಪುಸ್ತಕದಾಗ ಇರ್ಲಿ. ಮೂಸ್ಯಾಗ ಇರೋದು ನಮ್ಮೂರ ಕಲ್ಲು. ಅದು ಏನು ಹೇಳಾಕತ್ತದ, ಅಷ್ಟು ಕೇಳ್ರಿ."

ಹೋದ ವರ್ಷ ಹೊರಗಿನ ಪರೀಕ್ಷಕರು ಆ ಮೂವತ್ತೆಂಟರ ಮೇಲೆ ಕೆಂಪು ಗೀಟು ಎಳೆದರು. ಚಿಂಚೋಳಿ ಕಡೆಯ ಕೊಡ್ಲಿ ಊರಿನ ರೇವಣಸಿದ್ದಯ್ಯ ಫೇಲಾದ. ಈ ವರ್ಷ ಮೇಲಿನಿಂದ ಕಾಗದವೇ ಬಂದಿದೆ: ಎಲ್ಲರ ಪ್ರಯೋಗದ ಪುಸ್ತಕದಲ್ಲೂ 44 ಇರಲಿ, ಇಲ್ಲವಾದರೆ ಮುಂದಿನ ವರ್ಷ ತಾವು ಬರುವುದು ಬೇಡ. ಆ ಕಾಗದವೆಲ್ಲಿ ಎಂದರೆ ಕಮರುನ್ನೀಸಾ ಮೇಜಿನ ಕೆಳಗೆ ಬೆರಳು ತೋರಿಸುತ್ತಾರೆ. ಒಂದು ಕಾಲು ಗಿಡ್ಡವಿದ್ದ ಮೇಜು ಈಗ ಅಲುಗದೆ ನಿಂತಿದೆ.

ಆದರೆ ರೇವಣಸಿದ್ದಯ್ಯನ ಪ್ರಶ್ನೆಯನ್ನು ಹಾಗೆ ಮಡಚಿಡಲು ಅವರಿಗೆ ಆಗಿಲ್ಲ.

"ಅಕ್ಕೋರೆ, ಹೋದ ವರ್ಸ ಖರೇ ಬರದು ಫೇಲಾದೆ. ಈ ಸಲಾನೂ ಹಂಗೇ ಆದ್ರ ನಮ್ಮಪ್ಪಗ ಏನಂತ ಹೇಳ್ಲಿ?" ಎಂದು ಅವನು ಕೇಳಿದ ದಿನ ಅವರಿಗೆ ಊಟ ಸೇರಲಿಲ್ಲ. "ನನ್ನ ನೌಕರಿ ಹೋದ್ರ ಹೋಗ್ಲಿ, ಅದು ನಂದು. ಅವನ ವರ್ಸ ನಂದಲ್ಲಲ್ರಿ" ಎನ್ನುತ್ತಾರೆ.

ಕೊನೆಗೆ ಅವರಿಗೊಂದು ದಾರಿ ಹೊಳೆಯಿತು. ಪ್ರತಿಯೊಬ್ಬರ ಕಲ್ಲನ್ನೂ ಎರಡು ಹೋಳು ಮಾಡಿಸಿದರು. ಒಂದು ಹೋಳು ಕುಲುಮೆಗೆ, ಇನ್ನೊಂದು ಚೀಟಿ ಅಂಟಿಸಿಕೊಂಡು ಬಟ್ಟೆಯ ಗಂಟಿಗೆ. ಇಂದು ಹನ್ನೊಂದು ಪುಸ್ತಕಗಳ ಜೊತೆ ಹನ್ನೊಂದು ಕಲ್ಲುಗಳೂ ಪರೀಕ್ಷಕರ ಬಳಿಗೆ ಹೊರಟಿವೆ.

"ಕೆಂಪು ಶಾಯಿ ಹಚ್ಚೋಕಿಂತ ಮೊದಲ ಅವರೂ ಒಂದು ಸಲ ಸುಡ್ಲಿ. ಮೂವತ್ತೆಂಟು ಬರಲಿಲ್ಲಂದ್ರ ನನ್ನ ಹೆಸರಿನ ಮ್ಯಾಲೇ ಗೀಟು ಎಳೀಲಿ. ಭಾಳ ಕೇಳಾಕತ್ತೀನೇನ್ರಿ?"

ಪ್ಯಾಸೆಂಜರ್ ಗಾಡಿಯಲ್ಲಿ ಪುಸ್ತಕ, ಗಂಟು ಒಯ್ಯುವವನು ರೇವಣಸಿದ್ದಯ್ಯನೇ. ಅವನ ಲೆಕ್ಕವೂ ಪೆನ್ಸಿಲಿನದು, ದಾರಿ ಉದ್ದದ್ದು; ಮನಸ್ಸು ಮಾಡಿದರೆ ಗಾಡಿಯಲ್ಲೇ 38 ಅಳಿಸಿ 44 ಬರೆಯಬಹುದು. ಇದೆಲ್ಲ ಗೊತ್ತಿದ್ದೇ ಕಮರುನ್ನೀಸಾ ರಬ್ಬರಿನ ಡಬ್ಬಿಯನ್ನು ಅವನ ಮುಂದೆ ಹಿಡಿಯುತ್ತಾರೆ.

"ನಿಂದು ತಗೋ. ಪುಸ್ತಕ ನಿಂದು, ವರ್ಸ ನಿಂದು. ತಿದ್ದಿದ್ರೂ ನಾ ಬೈಯಂಗಿಲ್ಲ."

ಅವನು ಡಬ್ಬಿಯೊಳಗೆ ಒಮ್ಮೆ ನೋಡುತ್ತಾನೆ. ಹೊರಗೆ ಯಂತ್ರಗಳು ಶುರುವಾಗಿ ತಕ್ಕಡಿಯ ಮುಳ್ಳು ನಡುಗುತ್ತಿದೆ. ಅವನು ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಭಾರವಾದ ಗಂಟನ್ನು ಹೆಗಲಿಗೇರಿಸುತ್ತಾನೆ.

"ಇಲ್ಲೇ ಇರ್ಲಿ ಬಿಡ್ರಿ ಅಕ್ಕೋರೆ. ಕಲ್ಲೇ ಭಾಳ ವಜ್ಜಿ ಅದಾವ."