ಬಿಸಿ ಸಾಲದೆಂದ ಕಾಲು

ನಮ್ಮ ಯಜಮಾನರ ಪಾದಗಳನ್ನು ನಾನು ಎಂದೂ ಸರಿಯಾಗಿ ನೋಡಿದವಳಲ್ಲ. ನಮ್ಮದು ಗುಂಡಿ ಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಬೆಳಗಿನ ಕಾಫಿಯಿಂದ ದೀಪ ಹಚ್ಚುವವರೆಗೆ ಅವರ ಕೈ, ಬಗ್ಗಿದ ಕತ್ತು, ಲಾಳಿ, ರೇಷ್ಮೆ ಎಲ್ಲ ನನ್ನ ಕಣ್ಣಮುಂದೆಯೇ ಇರುತ್ತಿದ್ದವು. ಕಾಲು ಮಾತ್ರ ಕತ್ತಲಲ್ಲಿ.

ನಾನು ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳು. ಕೊಳ್ಳೇಗಾಲದ ಈ ನೇಕಾರರ ಬೀದಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಇಂಗ್ಲಿಷ್ ಉಪಯೋಗಕ್ಕೆ ಬಂದದ್ದು ಮಾತ್ರೆ ಚೀಟಿ ಓದುವುದಕ್ಕೆ. ಬಿಫೋರ್ ಫುಡ್, ಆಫ್ಟರ್ ಫುಡ್, ಒನ್ಸ್ ಡೈಲಿ... ಇಡೀ ಬೀದಿಗೆ ನಾನೇ ಓದಿ ಹೇಳುತ್ತಿದ್ದೆ. ನಮ್ಮವರು ನನ್ನನ್ನು ಕರೆಯುತ್ತಿದ್ದುದೇ "ಏ ಕಾನ್ವೆಂಟು" ಎಂದು.

ಅವರಿಗೆ ಶುಗರ್. ಅವರ ಅಪ್ಪನಿಗೂ ಇತ್ತು, ಅಣ್ಣನಿಗೂ ಇತ್ತು. ಕೂತಲ್ಲೇ ಕೆಲಸ, ಗಳಿಗೆಗೊಂದು ಟೀ, ನಡುವೆ ಬೀಡಿ. ಟೀಗೆ ಸಕ್ಕರೆ ನಿಲ್ಲಿಸಿದೆ, ಮಾತ್ರೆಯನ್ನು ಗಡಿಯಾರ ನೋಡಿ ಕೊಟ್ಟೆ, ರಿಪೋರ್ಟುಗಳನ್ನೆಲ್ಲ ಪಂಚ್ ಮಾಡಿ ಫೈಲಿಗೆ ಹಾಕಿದೆ. ಬೀಡಿಯನ್ನು ಮಾತ್ರ ಬಿಡಿಸಲಾಗಲಿಲ್ಲ. ರಿಪೋರ್ಟ್ ನಾರ್ಮಲ್ಲಿಗೆ ಹತ್ತಿರ ಬಂದರೆ ಪರೀಕ್ಷೆ ಪಾಸಾದಷ್ಟು ಖುಷಿ ನನಗೆ. ಆ ಕಾಗದಗಳಲ್ಲಿ ಎಲ್ಲಿಯೂ ಪಾದದ ಸುದ್ದಿ ಇರಲಿಲ್ಲ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಅವರು ಗುಂಡಿಯಿಂದೆದ್ದು ಜಗಲಿಗೆ ಬಂದು ಕೂತರು.

"ಕಾಲು ತಣ್ಣಗಾಗ್ಬುಟ್ಟದೆ ಕಣಮ್ಮಿ. ಬಟ್ಟೆ ಸುತ್ಕಂಡು ತುಳ್ದಂಗಾಯ್ತದೆ."

ಹನೂರಿನಿಂದ ನನ್ನ ನಾದಿನಿ ಬಂದಿದ್ದಳು. ಅವಳ ಚೀಲದಲ್ಲಿ ಲಕ್ಕಿಸೊಪ್ಪಿತ್ತು. "ಅತ್ಗೆ, ಇದ ಆಕಿ ನೀರ್ ಕಾಯ್ಸಿ, ಕಾಲಿಡ್ಸಿ. ನಮ್ಮವ್ರ ಮಂಡಿನೋವು ಇದ್ರಲ್ಲೇ ಒಂಟೋಯ್ತು," ಎಂದಳು.

ಕಾಯಿಸಿದೆ. ಬೇಸಿನ್ನಿಗೆ ಸುರಿದೆ. ಅವರು ಎರಡೂ ಕಾಲು ಇಟ್ಟರು.

"ಸುಡುತ್ತೇನ್ರೀ?"

"ಎಲ್ ಸುಡ್ತದೆ? ಬಿಸಿ ಸಾಲ್ದು. ನೀರ್ ಕಾಯ್ಸಾದ ನಿನ್ ಕಾನ್ವೆಂಟ್ನಲ್ಲಿ ಏಳ್ಕೊಡ್ನಿಲ್ವಾ?"

ನಾದಿನಿ ನಕ್ಕಳು, ನಾನೂ ನಕ್ಕೆ. ಒಲೆಯ ಮೇಲಿದ್ದ ಕೊತಕೊತ ನೀರನ್ನು ಒಂದು ಚೆಂಬು ಬಲಗಾಲಿನ ಪಕ್ಕಕ್ಕೆ ಹೊಯ್ದೆ.

"ಇನ್ನೊಂದ್ ಚೆಂಬು ಉಯ್ಯಿ."

ಹೊಯ್ದೆ. ಹಬೆಗೆ ನನ್ನ ಕನ್ನಡಕ ಮಸುಕಾಯಿತು. ಒಂದು ಬೆರಳನ್ನಾದರೂ ಆ ನೀರಿಗೆ ಅದ್ದಿ ನೋಡಿದ್ದರೆ!

ಅವರು ಕುಂಟಲಿಲ್ಲ. ನೋವು ಎನ್ನಲಿಲ್ಲ. ಮಾರನೆಯ ದಿನ ಎಂದಿನಂತೆ ಗುಂಡಿಗೆ ಇಳಿದರು. ಗುರುವಾರ ಮಗ್ಗದ ಕೋಣೆಯಲ್ಲಿ ಕೆಟ್ಟ ವಾಸನೆ. ಗುಂಡಿಯಲ್ಲಿ ಇಲಿ ಸತ್ತಿರಬೇಕು ಎಂದು ಟಾರ್ಚ್ ಬಿಟ್ಟೆ. ಇಲಿ ಇರಲಿಲ್ಲ. ಹಲಗೆ ಒದ್ದೆಯಾಗಿತ್ತು. ಬಲಗಾಲಿನ ಬೊಬ್ಬೆ ಒಡೆದು, ಹೆಬ್ಬೆರಳು ಕಪ್ಪಗಾಗಿತ್ತು. ಆ ಕಾಲು ಇನ್ನೂ ತುಳಿಯುತ್ತಲೇ ಇತ್ತು.

ಯಳಂದೂರಿನಿಂದ ಮಗಳು ಓಡಿ ಬಂದಳು. ಒಮ್ಮೆ ನೋಡಿದವಳೇ, "ಯಾರಮ್ಮಾ ಬಿಸಿನೀರು ಹಾಕಿದ್ದು?" ಎಂದಳು.

"ನಾನು."

ಅವಳು ಅಪ್ಪನ ಕಾಲಿಗೆ ಬಟ್ಟೆ ಸುತ್ತತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಪಿನ್ನಿನಿಂದ ಪಾದದ ತುಂಬ ಚುಚ್ಚಿ ನೋಡಿದರು. ನಮ್ಮವರು ಸೂರು ನೋಡುತ್ತ ಮಲಗಿದ್ದರು. "ಶುಗರ್‌ನಿಂದ ನರಗಳ ಸ್ಪರ್ಶವೇ ಹೋಗಿದೆ ಅಮ್ಮ. ಬಿಸಿ, ತಣ್ಣಗೆ ಏನೂ ಗೊತ್ತಾಗಲ್ಲ. ನಿಮಗೆ ಯಾರೂ ಹೇಳಿರಲಿಲ್ವಾ?" ಎಂದು ಕೇಳುತ್ತ ಡಾಕ್ಟರು ನನ್ನ ಫೈಲು ತಿರುವಿದರು. ಒಂದು ಹಾಳೆಯ ಮೇಲೆ ಅವರ ಬೆರಳು ನಿಂತಿತು.

ನಮ್ಮೂರಿನ ನರ್ಸಮ್ಮ ಎಂದೋ ಕೊಟ್ಟದ್ದು. ಮೇಲೆ ಪಾದದ ಚಿತ್ರ, ಕೆಳಗೆ ದಪ್ಪಕ್ಷರ: ದಿನಾ ಪಾದ ನೋಡಿಕೊಳ್ಳಿ. ಬಿಸಿನೀರಿನಲ್ಲಿ ಕಾಲಿಡಬೇಡಿ. ನೀಟಾಗಿ ಪಂಚ್ ಮಾಡಿ ಹಾಕಿದ್ದೆ. ಓದಿರಲಿಲ್ಲ. ಇಂಗ್ಲಿಷಿನಲ್ಲಿದ್ದರೆ ಓದುತ್ತಿದ್ದೆ. ಅದು ಕನ್ನಡದಲ್ಲಿತ್ತು; ಇದೇನು ಮಹಾ, ಯಾರಾದರೂ ಓದಬಹುದು ಎಂದುಕೊಂಡಿದ್ದೆ.

ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಪಾದ ಉಳಿಯಿತು, ಸದ್ಯಕ್ಕೆ. ಆಮೇಲೆ ಅವರು ಮಗ್ಗದ ಗುಂಡಿಗೆ ಇಳಿದೇ ಇಲ್ಲ. ಅರ್ಧ ನೇಯ್ದ ಸೀರೆ ಹಾಗೆಯೇ ಇದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವುದೇ ಅವರ ದಿನದ ದಾರಿ. ಅಷ್ಟಕ್ಕೂ ಈಗ ಎಡಗಾಲೇ ಆಧಾರ.

ಅದಕ್ಕೇ ದಿನಾ ಬೆಳಿಗ್ಗೆ ನಾನು ಚಾಪೆಯ ಮೇಲೆ ಕೂತು ಎಡಪಾದವನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ. ಬೆರಳ ಸಂದಿ ಬಿಡಿಸಿ, ಅಂಗಾಲಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಅವರು ಕೇಳುತ್ತಾರೆ, "ಏನ್ ಬರ್ದದೆ ಓದು, ಕಾನ್ವೆಂಟು."

"ಏನೂ ಇಲ್ಲಾರೀ," ಎಂದು ದಿನಾ ಹೇಳುತ್ತಿದ್ದೆ.

ಇವತ್ತು ಹಿಮ್ಮಡಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಕೆಂಪು. ಕನ್ನಡಕ ಒರೆಸಿ ನೋಡಿದೆ. ಸೆರಗಿನಿಂದ ಆ ಜಾಗವನ್ನೇ ಒರೆಸಿ ನೋಡಿದೆ. ಹೋಗಲಿಲ್ಲ. ಬೆರಳಿಂದ ಒತ್ತಿದೆ.

"ನೋವಾಗುತ್ತಾ? ಆಗುತ್ತೆ ಅನ್ನಿ, ನಿಮ್ಮ ದಮ್ಮಯ್ಯ."

"ಎಲ್ಲಿ ಒತ್ತಿದೀಯೆ?" ಎಂದರು.

ಫೈಲು ತೆಗೆದುಕೊಂಡೆ. ಎದುರುಮನೆಯವಳನ್ನು ಕೂಗಿ ಆಟೋ ತರಿಸೆಂದೆ.