ಗುಡಿಸದೆ ಬಿಟ್ಟ ಚರಗ

ಸಾಣಾಪುರದ ಕೆರೆ ದಾಟಿ ಗುಡ್ಡದ ಬುಡಕ್ಕೆ ಹೋದರೆ ಸಾಲಾಗಿ ಡೇರೆ ಹೊಡೆದ ಬಯಲೊಂದು ಸಿಗುತ್ತದೆ. ಅದು ಮೊದಲು ಸಣ್ಣವ್ವನ ಹೊಲ. ಎರಡೆಕರೆ ಮಸಾರಿಯ ಕೆಂಪು ನೆಲ, ಕಾಲುವೆಗಿಂತ ಎತ್ತರದಲ್ಲಿದ್ದುದರಿಂದ ನೀರು ಹತ್ತುತ್ತಿರಲಿಲ್ಲ. ಸಜ್ಜೆ ಹಾಕಿದರೆ ಸಜ್ಜೆ, ಶೇಂಗಾ ಹಾಕಿದರೆ ಶೇಂಗಾ, ಅಷ್ಟರಲ್ಲೇ ಸಂಸಾರ ನಡೆದಿತ್ತು. ೧೯೯೮ರಲ್ಲಿ ಸರಕಾರದ ಯಾವುದೋ ಇಲಾಖೆಯವರು ಬಂದು, ಇಲ್ಲಿ ಡೇರೆ ತಾಣ ಮಾಡುತ್ತೇವೆ, ಮನೆಗೊಂದು ಕೆಲಸ ಕೊಡುತ್ತೇವೆ ಎಂದರು. ಗಂಡ ಪಕ್ಕೀರಪ್ಪ ಹೆಬ್ಬೆಟ್ಟು ಒತ್ತಿದ, ಎರಡೇ ತಿಂಗಳಲ್ಲಿ ಕಾಮಾಲೆಯಾಗಿ ಸತ್ತ. ಕೆಲಸ ಸಣ್ಣವ್ವನಿಗೆ ಬಂತು. ತನ್ನದೇ ಹೊಲದ ಕಸ ಗುಡಿಸುವ ಕೆಲಸ.

ಮನೆಯಲ್ಲಿ ಮಂಚ ಇದ್ದವರು ದುಡ್ಡು ಕೊಟ್ಟು ನೆಲದ ಮೇಲೆ ಮಲಗಲು ಬರುತ್ತಾರೆಂದರೆ ಅವಳು ಮೊದಲ ವರ್ಷ ನಂಬಲೇ ಇಲ್ಲ. ಬಂದರು. ಬಂಡೆ ಹತ್ತುವವರು ಬಂದರು, ತೆಪ್ಪ ಹತ್ತಿ ಕೆರೆಯಲ್ಲಿ ಕಿರುಚುವವರು ಬಂದರು, ಸೂರ್ಯ ಮುಳುಗುವುದನ್ನು ಊರಲ್ಲಿ ಕಾಣದವರಂತೆ ಬಾಯಿಬಿಟ್ಟು ನೋಡುವವರೂ ಬಂದರು. ಸಣ್ಣವ್ವ ಅವರ ಹಿಂದೆ ಗುಡಿಸುತ್ತ ಹೋದಳು. ಅಲ್ಲಿ ಒಂದೇ ಒಂದು ನೇಮವಿತ್ತು, ಅದನ್ನು ಬರೆದು ಹಾಕಿದವರಿಲ್ಲ, ಸಣ್ಣವ್ವನೇ ಪಾಲಿಸಿಕೊಂಡು ಬಂದಿದ್ದಳು: ಹೊತ್ತು ಮುಳುಗುವುದರೊಳಗೆ ಬಯಲಿನಲ್ಲಿ ತಿನ್ನುವ ವಸ್ತು ಒಂದು ಅಗುಳೂ ಇರಬಾರದು. ಗುಡ್ಡದ ಗವಿಗಳಲ್ಲಿ ಕರಡಿಗಳಿದ್ದವು. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ದರೂ ಅವಳು ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಹದಿನೆಂಟು ವರ್ಷ ಒಂದು ಸಂಜೆಯೂ ತಪ್ಪಿಸಲಿಲ್ಲ, ಆದ್ದರಿಂದ ಹದಿನೆಂಟು ವರ್ಷ ಒಂದು ಕರಡಿಯೂ ಡೇರೆಗಳ ಹತ್ತಿರ ಸುಳಿಯಲಿಲ್ಲ. ಇದಕ್ಕೆ ಅವಳನ್ನು ಹೊಗಳಿದವರು ಯಾರೂ ಇಲ್ಲ. ಏನೂ ಆಗದಂತೆ ನೋಡಿಕೊಂಡವರನ್ನು ಯಾರು ಹೊಗಳುತ್ತಾರೆ?

ಮಗ ಯಂಕೇಶ ಗೋವಾಕ್ಕೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದವನು ಅಲ್ಲಿಯೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನ ಹೆಂಡತಿ ಮಹೇಶ್ವರಿ ತವರಿಗೆ ಹೋಗದೆ, ಮಗಳು ರಂಜಿತಾಳನ್ನು ಸೊಂಟದ ಮೇಲಿಟ್ಟುಕೊಂಡು ಅತ್ತೆಯ ಹತ್ತಿರವೇ ಉಳಿದಳು. ಸಣ್ಣವ್ವ ಅವಳನ್ನು ಸೊಸೆ ಎನ್ನುತ್ತಿದ್ದುದು ಬಾಯಿಮಾತಿಗೆ, ನೋಡಿಕೊಂಡದ್ದು ಹೊಟ್ಟೆಯಲ್ಲಿ ಹುಟ್ಟಿದವಳಂತೆ. ಮಹೇಶ್ವರಿ ಹತ್ತನೆಯ ಇಯತ್ತೆ ಪಾಸಾದವಳು, ಅಕ್ಷರ ದುಂಡಗೆ ಬರೆಯುತ್ತಿದ್ದಳು, ಹಿಂದಿಯಲ್ಲೂ ನಾಲ್ಕು ಮಾತು ಆಡುತ್ತಿದ್ದಳು. ಆದರೂ ಡೇರೆ ತಾಣದಲ್ಲಿ ಅವಳಿಗೆ ಸಿಕ್ಕಿದ್ದು ನಸುಕಿನಲ್ಲಿ ಎದ್ದು ಬಚ್ಚಲಮನೆಯ ಹಂಡೆಗಳಿಗೆ ಉರಿ ಹಚ್ಚುವ ಕೆಲಸ. ಬಾಗಿಲ ಹತ್ತಿರ ಬಂದವರ ಹೆಸರು ಬರೆದುಕೊಳ್ಳುವ ಮೇಜಿತ್ತು, ಅದರ ಹಿಂದೆ ಒಂದು ಕುರ್ಚಿ. ಆ ಕುರ್ಚಿಯ ಮೇಲೆ ಮಹೇಶ್ವರಿ ಕೂರಬೇಕು. ಸಣ್ಣವ್ವನಿಗೆ ಇದ್ದದ್ದು ಅದೊಂದೇ ಆಸೆ. ತನ್ನ ಬೆನ್ನು ಬಾಗಿದ್ದು ಸಾಕು, ಇವಳದಾದರೂ ನೆಟ್ಟಗಿರಲಿ.

೨೦೧೬ರಲ್ಲಿ ಆ ತಾಣವನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರ ಸಾಹೇಬ ಹೊಸಪೇಟೆಯಲ್ಲಿರುತ್ತಿದ್ದ, ಇಲ್ಲಿ ನೋಡಿಕೊಳ್ಳಲು ಗೋವಿಂದರಾಜ ಎಂಬ ಮ್ಯಾನೇಜರನನ್ನು ಇಟ್ಟ. ಮೂವತ್ತರ ವಯಸ್ಸಿನವನು, ಗಂಗಾವತಿ ಕಡೆಯವನು, ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಗೆ ಮಾರಬಹುದೆಂದು ಯೋಚಿಸುವ ಜಾತಿ. ಹೊಸ ವರ್ಷದಿಂದ ಹಳೆಯ ಕೂಲಿಯವರಲ್ಲಿ ಕೆಲವರನ್ನಷ್ಟೇ ಇಟ್ಟುಕೊಳ್ಳುವುದು ಎಂಬ ಸುದ್ದಿಯನ್ನೂ ಅವನೇ ತಂದ.

ಸಣ್ಣವ್ವನಿಗೆ ಒಂದು ಗುಟ್ಟಿತ್ತು. ಎಳ್ಳಮವಾಸ್ಯೆಗೆ ಹೊಲವುಳ್ಳವರು ಬುತ್ತಿ ಕಟ್ಟಿಕೊಂಡು ಹೋಗಿ ಭೂಮ್ತಾಯಿಗೆ ಎಡೆ ಮಾಡಿ, ಹೊಲದ ಸುತ್ತ ಬದುವಿನ ಮೇಲೆ ಅಡುಗೆಯನ್ನು ಚೆಲ್ಲುತ್ತ ಬರುತ್ತಾರೆ. ಅದೇ ಚರಗ. ಹೊಲವೇ ಇಲ್ಲದ ಮೇಲೆ ಚರಗವೆಲ್ಲಿಯದು? ಆದರೂ ಅವಳು ಪ್ರತಿವರ್ಷ ಒಂದು ಸಣ್ಣ ಬುಟ್ಟಿಯಲ್ಲಿ ಹೋಳಿಗೆ, ಕಡುಬು ಮುಚ್ಚಿಟ್ಟುಕೊಂಡು ಗುಡ್ಡದ ಕಡೆ ಹೋಗಿ, ಕಲ್ಲುಗಳ ನಡುವೆ ಚೆಲ್ಲಿ ಬರುತ್ತಿದ್ದಳು. ಗಂಡಸರು ಮಾಡಬೇಕಾದ ಕೆಲಸ, ಆದರೆ ಗಂಡಸರಲ್ಲಿ ಒಬ್ಬ ಸತ್ತಿದ್ದ, ಇನ್ನೊಬ್ಬ ಓಡಿಹೋಗಿದ್ದ. ನಾಲ್ಕೂ ಬದು ಸುತ್ತಲಾರದ ಸಂಕಟ ಮಾತ್ರ ಅವಳನ್ನು ಬಿಡಲಿಲ್ಲ. ಅರ್ಧ ಹೊಟ್ಟೆ ಉಣಿಸಿ ತಾಯಿಯನ್ನು ಎಬ್ಬಿಸಿ ಕಳಿಸಿದಂತೆ ಅವಳಿಗೆ ಅನಿಸುತ್ತಿತ್ತು.

ಆ ವರ್ಷ ಎಳ್ಳಮವಾಸ್ಯೆ ಹೊಸ ವರ್ಷಕ್ಕೆ ಮೂರು ದಿನ ಮುಂಚೆ ಬಿತ್ತು. ಡೇರೆಗಳೆಲ್ಲ ಭರ್ತಿ. ಚರಗದ ವಿಷಯ ಅದು ಹೇಗೋ ಗೋವಿಂದರಾಜನ ಕಿವಿಗೆ ಬಿದ್ದಿತ್ತು.

"ಸಣ್ಣವ್ವ, ಈ ಸಲ ಕದ್ದು ಚೆಲ್ಲೂದು ಬ್ಯಾಡ. ಸಾಹೇಬ್ರು ಮನಿ ಮಂದೀನ್ನ ಕರಕೊಂಡು ಬರ್ತಾರ. ಮಂದಿಗೆಲ್ಲ ತೋರ್ಸೋಣ. ಹಳ್ಳಿ ಹಬ್ಬ ಅಂದ್ರ ಸಾಯ್ತಾರ ಇವ್ರು."

"ಎಲ್ಲಿ ಚೆಲ್ಲಲ್ರಿ?"

"ನಿಮ್ಮ ಪದ್ಧತಿ ಹೆಂಗೈತೋ ಹಂಗ. ಪೂರಾ ಸುತ್ತು."

ಪೂರಾ ಸುತ್ತು! ಮುದುಕಿ ಆಗಲೇ ಕಣ್ಣಲ್ಲೇ ನಾಲ್ಕೂ ಬದು ಸುತ್ತಿ ಬಂದಳು. ಆದರೂ ವ್ಯವಹಾರ ಮರೆಯಲಿಲ್ಲ. "ಮಾಡ್ತೀನ್ರಿ. ಆದ್ರ ನಮ್ಮ ಮಹೇಶ್ವರಿಗೆ ಆ ಕುರ್ಚಿ ಕೊಡಸ್ರಿ. ಓದಿದಾಕಿ ಅದಾಳ."

"ಸಾಹೇಬ್ರು ಖುಷಿ ಆಗ್ಲಿ, ನಾ ಹೇಳ್ತೀನಿ."

ಎರಡು ದಿನ ಅತ್ತೆ ಸೊಸೆ ಒಲೆ ಬಿಟ್ಟು ಏಳಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ, ಪುಂಡಿಪಲ್ಯ, ಮೊಸರನ್ನ. ಅಮಾವಾಸ್ಯೆಯ ಮಧ್ಯಾಹ್ನ ಸಣ್ಣವ್ವ ಇಳಕಲ್ಲ ಸೀರೆ ಉಟ್ಟು ಬುಟ್ಟಿ ಹೊತ್ತು ಹೊರಟಳು. ಹಿಂದೆ ನೀರು ಚಿಮುಕಿಸುತ್ತ ಮಹೇಶ್ವರಿ, ಅವಳ ಹಿಂದೆ ಫೋನು ಎತ್ತಿ ಹಿಡಿದ ನೂರು ಜನ. "ಹುಲ್ಲುಲ್ಲಿಗೋ... ಸಲಾಂಬ್ರಿಗೋ..." ಎಂದು ಅವಳು ಚರಗದ ಕೂಗು ಹಾಕಿದರೆ ನೂರು ಬಾಯಿ ಅದನ್ನೇ ಹರಿದು ಹಂಚಿ ಕೂಗಿದವು. ಬದುಗಳನ್ನು ಎಂದೋ ನೆಲಸಮ ಮಾಡಿದ್ದರು, ಆದರೆ ಅವಳ ಕಾಲಿಗೆ ನೆನಪಿತ್ತು. ಪಡುವಣ ಬದು ಈಗ ಡೇರೆಗಳ ನಡುವೆ ಹಾದಿತ್ತು, ತೆಂಕಣ ಬದು ಬಚ್ಚಲಮನೆಯ ಹಿಂದೆ. ಅಲ್ಲೆಲ್ಲ ಚೆಲ್ಲಿದಳು. ಬಂದವರೂ ಬುಟ್ಟಿಗೆ ಕೈಹಾಕಿ ಹಿಡಿ ಹಿಡಿಯಾಗಿ ಎರಚಿದರು. ಹದಿನೆಂಟು ವರ್ಷದ ಮೇಲೆ ತನ್ನ ಹೊಲವನ್ನು ಒಂದು ಸುತ್ತು ಪೂರಾ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಅದನ್ನೂ ಫೋನಿನಲ್ಲಿ ಹಿಡಿದುಕೊಂಡರು.

ಸಾಹೇಬ ಖುಷಿಯಾದ. ಹೋಳಿಗೆ ತಿನ್ನುತ್ತ, ಎಲ್ಲರ ಎದುರಿಗೆ, "ಈ ಹುಡುಗೀನ ಒಂದನೇ ತಾರೀಖಿನಿಂದ ಮೇಜಿಗೆ ಕೂಡ್ಸು" ಎಂದ. ಸಣ್ಣವ್ವ ಅವನ ಕಾಲು ಮುಟ್ಟಿದಳು.

ಸಂಜೆ ಕಾವಲುಗಾರ ಅಬ್ದುಲಸಾಬ ಕಸಬರಿಗೆ ಹಿಡಿದು ಬಂದ. ಅವಳಷ್ಟೇ ವರ್ಷದಿಂದ ಅಲ್ಲಿದ್ದವನು. "ಸಣ್ಣವ್ವ, ಬಾ, ಇಬ್ರೂ ಕೂಡಿ ಉಡುಗಿ ಬಿಡೋಣ. ಬೆಲ್ಲದ ವಾಸನಿ ಗುಡ್ಡದ ತನಾ ಹೋಗ್ಯಾದ."

"ಚರಗ ಉಡುಗಬಾರದೋ ಅಣ್ಣಾ. ತಾಯಿ ಬಾಯಾಗಿನ ತುತ್ತು ಕಸಗೊಂಡಂಗ ಆಕ್ಕತಿ."

"ಇದೇನು ಹೊಲ ಏನವ್ವ? ಮಂದಿ ಮಲಗೋ ಜಾಗ."

ಆ ಮಾತು ಅವಳಿಗೆ ನಾಟಿತು. "ಹೊಲ ಅಲ್ಲಂತ ಯಾರ ಮುಂದ ಹೇಳ್ತಿ?" ಎಂದು ಜಗಳಕ್ಕೇ ನಿಂತಳು. ಅವರ ಹಬ್ಬದಲ್ಲಿ ತಾನ್ಯಾಕೆ ಕೈ ಹಾಕಲಿ ಎಂದು ಅಬ್ದುಲಸಾಬ ಕಸಬರಿಗೆ ಇಟ್ಟು ಹೋದ.

ಮಹೇಶ್ವರಿಯೂ ಕೇಳಿದಳು. "ಅತ್ತಿ, ಬಚ್ಚಲ ಹಿಂದಿಂದರ ನಾ ಉಡುಗ್ತೀನಿ. ನಸುಕಿನ್ಯಾಗ ನಾನ ಹೋಗಾಕಿ ಅಲ್ಲಿಗೆ."

"ಒಂದ ದಿನ ಸುಮ್ಮನಿರವ್ವ. ತಾಯಿ ಇವತ್ತ ಹೊಟ್ಟಿ ತುಂಬ ಉಂಡಾಳ, ಕಾಯ್ತಾಳ."

ಅತ್ತೆಯ ಮಾತು ಮೀರುವ ಹೆಣ್ಣಲ್ಲ ಅದು. ಭೂಮ್ತಾಯಿ ಉಂಡಳೋ ಬಿಟ್ಟಳೋ, ಕರಡಿ ಬಂದು ಉಂಡಿತು. ನಸುಕಿನಲ್ಲಿ ಮಹೇಶ್ವರಿ ಕಟ್ಟಿಗೆ ತರಲು ಬಚ್ಚಲಮನೆಯ ಹಿಂದೆ ತಿರುಗಿದಾಗ ಅದು ಹೋಳಿಗೆ ನೆಕ್ಕುತ್ತ ಗೋಡೆಗೆ ಮೈಹಚ್ಚಿ ಕೂತಿತ್ತು. ಬೆದರಿದ ಕರಡಿ ಓಡುವುದಿಲ್ಲ, ಎದ್ದು ನಿಂತು ಮುಖಕ್ಕೆ ಕೈ ಹಾಕುತ್ತದೆ. ಅಬ್ದುಲಸಾಬ ಡಬ್ಬ ಬಡಿಯುತ್ತ ಓಡಿ ಬರುವುದರೊಳಗೆ ಅದು ತನ್ನ ಕೆಲಸ ಮುಗಿಸಿ ಹೋಗಿತ್ತು. ಸಣ್ಣವ್ವ ಬಂದು ನೋಡಿದಾಗ, ಬಿದ್ದವಳು ಯಾರೆಂದು ಸೀರೆಯಿಂದ ಗುರುತು ಹಿಡಿಯಬೇಕಾಯಿತು.

ಗಂಗಾವತಿಯ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ನಾಲ್ಕು ತಿಂಗಳ ಮೇಲೆ ಮಹೇಶ್ವರಿ ಮನೆಗೆ ಬಂದಳು. ಎಡಗಣ್ಣು ಇರಲಿಲ್ಲ, ಮೂಗಿನ ಜಾಗದಲ್ಲಿ ಹೊಲಿಗೆಯ ಗಂಟು, ತುಟಿ ಒಂದು ಕಡೆ ಎಳೆದುಕೊಂಡು ಹಲ್ಲು ಕಾಣುತ್ತಿತ್ತು. ಹತ್ತು ವರ್ಷದ ರಂಜಿತಾ ಅವ್ವನನ್ನು ನೋಡಿ ಚೀರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಂದಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗಿದಳು. ಮಗ್ಗುಲ ಮನೆಯ ಹುಲಿಗವ್ವ ನೀರಿನ ಹತ್ತಿರ ನಾಲ್ಕು ಜನರ ಮುಂದೆ, "ಸೊಸಿ ಮಾರೀನ ಚರಗ ಕೊಟ್ಲು ನಮ್ಮ ಸಣ್ಣವ್ವ" ಎಂದಳು. ನಾಲ್ವರಲ್ಲಿ ಇಬ್ಬರು ನಕ್ಕರು. ಸಣ್ಣವ್ವ ಕೊಡ ತುಂಬಿಕೊಂಡು ಬಂದಳು.

ಮಹೇಶ್ವರಿ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಮುದುಕಿ ಬದುಕಿಕೊಳ್ಳುತ್ತಿದ್ದಳು. ಉಣ್ಣಲು ಕರೆದರೆ ಬಂದು ಉಂಡಳು, ಕೇಳಿದ್ದಕ್ಕೆ ಹ್ಞೂಂ ಎಂದಳು, ಅಷ್ಟೇ.

ಕುರ್ಚಿಯಲ್ಲಿ ಅಷ್ಟರಲ್ಲಿ ಬೇರೆ ಹುಡುಗಿ ಕೂತಿದ್ದಳು. ಸಣ್ಣವ್ವ ಹೋಗಿ ಮಾತು ನೆನಪಿಸಿದಾಗ ಗೋವಿಂದರಾಜ ಮುಖ ಸಿಂಡರಿಸಿದ. "ಹೆಂಗ ಕೂಡ್ಸಲಿ ಹೇಳು. ಬಂದ ಮಂದಿಗೆ ಊಟ ಸೇರ್ತೈತೇನು? ಹಿಂದ ಹಾಸಿಗಿ ಒಗೀಲಿ, ಬೇಕಾದ್ರ." ಸೊಸೆ ಸೆರಗನ್ನು ಮುಖದ ತುಂಬ ಎಳೆದುಕೊಂಡು ಹಾಸಿಗೆ ಒಗೆದಳು.

ಮಳೆಗಾಲ ಕಳೆದ ಮೇಲೆ ಮತ್ತೆ ಜನ ಬರತೊಡಗಿದರು. ಡೇರೆಯ ಹೊರಗೆ ಕುರುಕಲು ಪಾಕೀಟು ಬಿಸಾಕುತ್ತಿದ್ದರು, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಒಂದು ಸಂಜೆ ಐದಕ್ಕೆ ಗೋವಿಂದರಾಜ ಎಲ್ಲರನ್ನೂ ನೆರೆಸಿ, ಹಿತ್ತಲಿಂದ ಮಹೇಶ್ವರಿಯನ್ನು ಕರೆಸಿದ. "ಸೆರಗ ತಗಿ" ಎಂದ. ಅವಳು ನಿಂತಳು. "ತಗಿ, ನೋಡ್ಲಿ." ತೆಗೆದಳು. ಹೆಂಗಸೊಬ್ಬಳು ಅಯ್ಯೋ ಎಂದಳು, ಮಗುವೊಂದು ಅತ್ತಿತು, ಒಬ್ಬ ಫೋನು ಎತ್ತಿದ. "ಇಲ್ಲಿ ಯಾರೋ ತಿಳುವಳಿಕಿ ಇಲ್ಲದ ಮುದುಕಿ ಊಟ ಚೆಲ್ಲಿದ್ಲು, ಅದಕ್ಕ ಹಿಂಗಾತು" ಎಂದು ಗೋವಿಂದರಾಜ ವಿವರಿಸಿದ. ಮುದುಕಿಗೆ ಚೆಲ್ಲು ಎಂದವರು ಯಾರೆಂದು ಅವನು ಹೇಳಲಿಲ್ಲ, ಕೇಳಿದವರೂ ಇಲ್ಲ. ಆ ರಾತ್ರಿ ಬಯಲಿನಲ್ಲಿ ಒಂದು ಪಾಕೀಟೂ ಬೀಳಲಿಲ್ಲ. ಮರುದಿನದಿಂದ ಹಾಸಿಗೆ ಒಗೆಯುವುದು ನಿಂತಿತು. ಸಂಜೆ ಐದಕ್ಕೆ ಬಂದು ಮುಖ ತೋರಿಸುವುದೇ ಮಹೇಶ್ವರಿಯ ಕೆಲಸವಾಯಿತು, ಪಗಾರ ಮೊದಲಿಗಿಂತ ಹೆಚ್ಚು.

ಸಣ್ಣವ್ವ ಇದನ್ನು ದೂರದಿಂದ ಗುಡಿಸುತ್ತ ವಾರವೆಲ್ಲ ನೋಡಿದಳು. ಎಂಟನೆಯ ದಿನ ಮನೆಯಲ್ಲಿ ಸೊಸೆಯ ಕೈ ಹಿಡಿದಳು. "ಬ್ಯಾಡವ್ವ, ಬಿಡು ಆ ಕೆಲಸ. ನಾ ಎರಡು ಮನಿ ಕಸ ಮುಸುರಿ ಮಾಡಿ ಹಾಕ್ತೀನಿ."

ಮಹೇಶ್ವರಿ ಕೈ ಬಿಡಿಸಿಕೊಂಡಳು. "ನಾ ಉಡುಗ್ತೀನಿ ಅಂದಿದ್ದೆ, ಅತ್ತಿ."

ಹತ್ತು ತಿಂಗಳಲ್ಲಿ ಅವಳು ಆ ದಿನದ ಬಗ್ಗೆ ಆಡಿದ ಮೊದಲ ಮಾತು ಅದು.

ಮರುದಿನ ಐದಕ್ಕೆ ಹುಬ್ಬಳ್ಳಿಯಿಂದ ಬಂದ ಬಸ್ಸಿನ ಜನ ನೆರೆದಿದ್ದರು. ಮಹೇಶ್ವರಿ ಹೇಳಿಸಿಕೊಳ್ಳದೆ ತಾನೇ ಸೆರಗು ತೆಗೆದಳು. ಗೋವಿಂದರಾಜ ಎಂದಿನಂತೆ ಶುರು ಮಾಡಿ, ಯಾರೋ ಮುದುಕಿ ಎನ್ನುವಲ್ಲಿಗೆ ಬಂದ. ಮಹೇಶ್ವರಿ ಕೈ ಎತ್ತಿದಳು.

"ಯಾರೋ ಅಲ್ರಿ. ನಮ್ಮ ಅತ್ತಿ. ಅಲ್ಲಿ ಕಸಬರಗಿ ಹಿಡದು ನಿಂತಾಳ, ನೋಡ್ರಿ."

ಅಷ್ಟೂ ಜನ ತಿರುಗಿದರು. ಸೊಸೆಯ ಮುಖವನ್ನು ಮರುಕದಿಂದ ನೋಡಿದ ಕಣ್ಣುಗಳೇ ಮುದುಕಿಯ ಮೇಲೆ ಬಂದಾಗ ಬೇರೆಯಾಗಿದ್ದವು. ಸಣ್ಣವ್ವ ಓಡಬಹುದಿತ್ತು, ತಲೆ ಬಗ್ಗಿಸಬಹುದಿತ್ತು, ಚೆಲ್ಲಿಸಿದವನು ನಿಮ್ಮೆದುರಿಗೇ ನಿಂತಿದ್ದಾನೆ ಎನ್ನಬಹುದಿತ್ತು. ಏನೂ ಮಾಡಲಿಲ್ಲ. ಕಸಬರಿಗೆ ಕೆಳಗಿಟ್ಟು, ಜನರ ನಡುವೆ ನಡೆದು ಬಂದು, ಎಲ್ಲರಿಗೂ ಕಾಣುವಂತೆ ನಿಂತಳು.

ಗೋವಿಂದರಾಜನಿಗೆ ಇದು ಹಿಡಿಸಿತು. "ನಾಳಿಯಿಂದ ಇಬ್ರೂ ಬರ್ರಿ" ಎಂದ.

ಮರುದಿನ ಸಣ್ಣವ್ವ ಐದಕ್ಕೆ ಮೊದಲೇ ಬಂದಳು. ಸೊಸೆಯ ಎಡಕ್ಕೆ, ಕಣ್ಣಿಲ್ಲದ ಬದಿಗೆ, ನಿಂತುಕೊಂಡಳು. ಅಲ್ಲಿ ನಿಂತರೆ ಅವಳಿಗೆ ತಾನು ಕಾಣಿಸುವುದಿಲ್ಲವಲ್ಲ ಎಂದು.