ತಾರಸಿಯ ಜೋಳ, ತೆಗೆಯದ ಫೋಟೊ

ಆಗಬಾರದ್ದು ಆಯಿತು ಎಂದು ಯಾರಾದರೂ ಹೇಳಲು ಹೊರಟರೆ ಮಾತು ಮರೆಸಿ ಚಹಾ ತರಿಸುವ ಪೈಕಿ ನಾನು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾವು ಮುಂಬಯಿಯ ಭಾಂಡುಪಿನ ಒಂದು ಬಿಲ್ಡಿಂಗಿನಲ್ಲಿದ್ದೆವು. ನಾನು ಅದೇ ಊರಿನ ಸಯನ್‌ನಲ್ಲಿ ಹುಟ್ಟಿ ಬೆಳೆದವನು, ಹೊಲ ಕಂಡದ್ದು ರೈಲಿನ ಕಿಟಕಿಯಿಂದ. ಹೆಂಡತಿ ಶಾಂತಾ ವಿಜಾಪುರದ ಕಡೆಯವಳು. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗಿ, ಬಸುರಿಗೆ ಉಣಿಸಿದಂತೆ, ತೆನೆ ಹೊತ್ತ ಬೆಳೆಗೆ ಕಡಬು, ರೊಟ್ಟಿ, ಪಲ್ಯ ಕೂಗು ಹಾಕುತ್ತ ಚೆಲ್ಲಿ ಬರುವುದು ಅವರ ಪದ್ಧತಿ. ಅದಕ್ಕೆ ಚರಗ ಎನ್ನುತ್ತಾರೆ. ಮುಂಬಯಿಗೆ ಬಂದ ಮೇಲೆ ಆ ದಿನ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಆ ವರ್ಷ ಹಳೆಯ ಡ್ರಮ್ಮುಗಳಿಗೆ ಮಣ್ಣು ತುಂಬಿ ತಾರಸಿಯ ಮೇಲೆ ಜೋಳ ಬಿತ್ತಿಯೇಬಿಟ್ಟಳು. ಮೊಳಕೆ ಕಂಡದ್ದೇ ತಡ, ಬಿಲ್ಡಿಂಗಿನವರನ್ನೆಲ್ಲ ಚರಗಕ್ಕೆ ಕರೆದೂ ಬಂದಳು.

ದಿನಾ ನೋಡುವ ಕಣ್ಣಿಗೆ ಬೆಳೆ ಬೆಳೆದದ್ದು ಗೊತ್ತಾಗುವುದಿಲ್ಲ. ಅದಕ್ಕೆ ನಾನು ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ ಹಿಡಿದು, ನೀರಿನ ಟಾಕಿಯ ಪಕ್ಕ ಇಟ್ಟಿಗೆಚೂರಿನಿಂದ ಗೆರೆ ಎಳೆದ ಜಾಗದಲ್ಲಿ ನಿಂತು, ಪ್ರತಿ ರವಿವಾರ ಒಂದು ಫೋಟೊ ತೆಗೆಯುತ್ತಿದ್ದೆ. ಜೋಳ ಸೊಂಟದೆತ್ತರಕ್ಕೆ ಬಂತು, ತೆನೆಯ ಸುಳಿವಿಲ್ಲ. ಅಮವಾಸ್ಯೆ ಹತ್ತಿರವಾದಂತೆ ಶಾಂತಾಳ ಮುಖ ಸಣ್ಣದಾಯಿತು. ಬೆಳೆ ಎಲ್ಲಿ ತಡೆದು ನಿಂತಿದೆ ನೋಡೋಣವೆಂದು, ರೋಲ್ ಮುಗಿಯುವ ಮೊದಲೇ ದಾದರಿನ ಸ್ಟುಡಿಯೊ ಒಂದಕ್ಕೆ ತೊಳೆಯಲು ಕೊಟ್ಟೆ.

ಫೋಟೊಗಳನ್ನು ಲೋಕಲ್ ರೈಲಿನಲ್ಲಿ ನಿಂತೇ ನೋಡಿದೆ. ನಾನು ತೆಗೆದವು ಮುಗಿದ ಮೇಲೆ ಇನ್ನೊಂದಿತ್ತು. ಅದೇ ತಾರಸಿ, ಅವೇ ಡ್ರಮ್ಮುಗಳು. ಆದರೆ ಜೋಳ ತೆನೆ ಹೊತ್ತು ನಿಂತಿತ್ತು. ಪಕ್ಕದಲ್ಲಿ ಶಾಂತಾ ಹಳದಿ ಸೀರೆಯುಟ್ಟು, ಕೈ ಎತ್ತಿ ಚರಗ ಚೆಲ್ಲುತ್ತ ನಗುತ್ತಿದ್ದಳು. ಅಂಥ ಸೀರೆ ಅವಳ ಬಳಿ ಇರಲೇ ಇಲ್ಲ. ನೆಗೆಟಿವನ್ನು ಬೆಳಕಿಗೆ ಹಿಡಿದೆ. ಅಲ್ಲೂ ಅದು ಇತ್ತು.

ಮನೆಗೆ ಬಂದು ತೋರಿಸಿದರೆ ಶಾಂತಾ ಹೆದರಲಿಲ್ಲ. "ತೆನಿ ಬರ್ತಾವ ಅಂತ ಗೊತ್ತಾತಲ್ಲ, ಇನ್ನೇನ ಬೇಕ್ರಿ?" ಎಂದವಳೇ ಕಡಬಿಗೆ ಸಜ್ಜೆ ಹಸನು ಮಾಡಲು ಕುಳಿತಳು.

ತೆನೆ ಬಂದವು. ಅಮವಾಸ್ಯೆಯ ಬೆಳಿಗ್ಗೆ ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಮಾವಶಿ ಎನ್ನುತ್ತಿದ್ದವರು, ಮೇಲೆ ಬಂದು, ಬೆಳೆಗೆ ಸೀಮಂತವೆಂದರೆ ಮನೆಯೊಡತಿಗೆ ಉಡಿ ತುಂಬಬೇಡವೇ ಎಂದು ಶಾಂತಾಳಿಗೆ ಹೊಸ ಸೀರೆ ಕೊಟ್ಟರು. ಹಳದಿ ಸೀರೆ. ಆ ಫೋಟೊವನ್ನು ನಾವು ಯಾರಿಗೂ ತೋರಿಸಿರಲಿಲ್ಲ.

ತಾರಸಿ ತುಂಬ ಜನ. ಚರಗವೆಂದರೆ ಏನೆಂದೇ ತಿಳಿಯದವರೂ ಶಾಂತಾ ಕೂಗಿದಂತೆ ತಾವೂ ಕೂಗಿ ಕಡಬಿನ ಚೂರು ಚೆಲ್ಲಿದರು, ಚೆಲ್ಲಿದ್ದಕ್ಕಿಂತ ತಿಂದದ್ದೇ ಹೆಚ್ಚು. ನಾನು ಗೆರೆಯ ಮೇಲೆ ನಿಂತೆ. ಅವಳು ಕೈ ಎತ್ತಿದಳು. ಅದೇ ಕೈ, ಅದೇ ನಗು. ಗುಂಡಿ ಒತ್ತಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ರೋಲ್ ತೊಳೆದು ಬಂದಾಗ ಊಟದ, ಜನರ ಫೋಟೊಗಳೆಲ್ಲ ಚೆನ್ನಾಗಿದ್ದವು. ನಡುವೆ ಶಾಂತಾ ಚರಗ ಚೆಲ್ಲುವ ಅದೊಂದು ಮಾತ್ರ ಖಾಲಿ. ಅದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ. ಅಂದು ನಾನು ಪೇಚಾಡುತ್ತ ಕುಳಿತಿದ್ದರೆ ಶಾಂತಾ ಮಾತ್ರ ನಕ್ಕುಬಿಟ್ಟಳು.

"ಅದು ಆಗಲೇ ಬಂದದಲ್ರೀ. ಒಂದ ಫೋಟೊ ಎಷ್ಟ ಸಲ ತೆಗೀತೀರಿ?"